ಸ್ನೋಬಾಲ್ ಗಿಡ ಹೂ ಬಿಡದಿದ್ದ ಕಾರಣ

1981ರಲ್ಲಿ, ಏಳನೇ ಕ್ಲಾಸಿನ ಪರೀಕ್ಷೆಗೆ ಮೊದಲೇ, ನಾನು ಓದು ನಿಲ್ಲಿಸಿದೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ನಾಚಿಕೆ ಇನ್ನೊಂದಕ್ಕೆ — ಶರಣಮ್ಮ, ಟೀಚರಮ್ಮನ ಮನೆಯಿಂದ ನಿಮ್ಮನ್ನು ಹೊರಗೆ ಹಾಕಿಸಿದ್ದು ನೀವು ಚೆಲ್ಲಿದ ಸೋಪಿನ ನೀರಲ್ಲ, ನನ್ನ ಬಾಯಿ. ಆ ಸ್ನೋಬಾಲ್ ಗಿಡ ಹೂ ಬಿಡದಂತೆ ಮಾಡಿದ್ದು ನನ್ನ ಕೈ. ಇಷ್ಟು ಬರೆಯಲು ನನಗೆ ಹನ್ನೆರಡು ವರ್ಷ ಬೇಕಾಯಿತು.

ನಿಮಗೆ ಗೊತ್ತಿರುವುದನ್ನೂ ಮತ್ತೆ ಬರೆಯುತ್ತೇನೆ. ಮೊದಲಿನಿಂದ ಹೇಳದಿದ್ದರೆ ನಡುವೆ ಎಲ್ಲಾದರೂ ತಪ್ಪಿಸಿಕೊಂಡುಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು.

ಕಾಕ್ಸ್ ಟೌನಿನ ಆ ಹೆಂಚಿನ ಮನೆಯಲ್ಲಿ ಟೀಚರಮ್ಮ ರಿಟೈರ್ ಆದ ಮೇಲೆ ಒಬ್ಬರೇ ಇದ್ದರು. ಹಿತ್ತಿಲ ಕೋಣೆಯಲ್ಲಿ ನೀವು ಮತ್ತು ನಿಮ್ಮ ಮಗಳು. ರಾಯಚೂರಿನ ಕಡೆಯಿಂದ ಬಂದು, ಆ ಮನೆಯ ಕೆಲಸವನ್ನೆಲ್ಲ ಮಾಡಿಕೊಂಡು, ಆ ಕೋಣೆಯನ್ನೇ ಊರು ಮಾಡಿಕೊಂಡಿದ್ದಿರಿ. ನಾನು ಕೆ.ಆರ್. ಪುರದಿಂದ ವಾರಕ್ಕೆರಡು ದಿನ ಸೈಕಲ್ಲಿನಲ್ಲಿ ಬರುತ್ತಿದ್ದ ಮಾಲಿ. ತಾತ, ಅಪ್ಪ ಬೇಸಾಯ ಮಾಡಿದವರು. ಮಣ್ಣಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದೂ ಇದೆ ಎಂದು ಯಾರಾದರೂ ಅಂದರೆ ನನ್ನ ಮೈ ಉರಿಯುತ್ತಿತ್ತು.

ಸ್ನೋಬಾಲ್ ಗಿಡವನ್ನು ಕೂನೂರಿನಿಂದ ಕಳಿಸಿದ್ದು ಟೀಚರಮ್ಮನ ಅಕ್ಕ. ಅಲ್ಲಿನ ತೋಟದಲ್ಲಿ ಅದು ಬೆಳ್ಳಗೆ, ಚೆಂಡು ಚೆಂಡಾಗಿ, ಎಲೆ ಕಾಣದಷ್ಟು ಹೂ ಬಿಡುತ್ತಿತ್ತಂತೆ. ಮರುವರ್ಷ ಅಕ್ಕ ತೀರಿಕೊಂಡರು. ಆಮೇಲೆ ಟೀಚರಮ್ಮ ಬೆಳಿಗ್ಗೆ ಎದ್ದರೆ ಮೊದಲು ಹೋಗಿ ನಿಲ್ಲುತ್ತಿದ್ದುದು ಆ ಗಿಡದ ಮುಂದೆ. ಬೆಳೆಸಿದ್ದೇನೋ ನಾನೇ. ಕೆಮ್ಮಣ್ಣಿಗೆ ಎಲೆಗೊಬ್ಬರ ಬೆರೆಸಿ, ಮಧ್ಯಾಹ್ನದ ಬಿಸಿಲು ತಾಗದಂತೆ ಗೋಡೆಯ ಪೂರ್ವಕ್ಕೆ ನೆಟ್ಟು, ಬೇಸಿಗೆಯಲ್ಲಿ ಬುಡಕ್ಕೆ ತರಗು ಹೊದಿಸಿ — ನಾಲ್ಕು ವರ್ಷಕ್ಕೆ ನನ್ನ ಎದೆಯೆತ್ತರ ಬಂತು. ನೀರು ಸಾಲದ ದಿನಗಳಲ್ಲಿ ನಿಮ್ಮ ಬಟ್ಟೆ ಒಗೆಯುವ ಕಲ್ಲಿನಿಂದ ಅದರ ಬುಡಕ್ಕೆ ಸಣ್ಣ ಕಾಲುವೆ ತೋಡಿದವನೂ ನಾನೇ. ಇದನ್ನು ನೆನಪಿಡಿ. ಮುಂದೆ ಬರುತ್ತದೆ.

ಹೂ ಮಾತ್ರ ಒಂದೂ ಇಲ್ಲ.

ಅದರ ಕಾರಣ ಇಷ್ಟೇ. ನಮ್ಮಲ್ಲಿ ಆಯುಧಪೂಜೆಯ ದಿನ ಕತ್ತರಿ, ಗುದ್ದಲಿ, ಸೈಕಲ್ಲು ಎಲ್ಲ ತೊಳೆದು ಕುಂಕುಮ ಇಟ್ಟು ನಿಂಬೆಹಣ್ಣು ಕೊಯ್ಯುತ್ತೇವೆ. ಅದಾದ ಮೇಲೆ ರೋಜಾ ಕಟಿಂಗ್ ಶುರು. ಆಗ ಸವರಿದರೆ ರೋಜಾ ಕ್ರಿಸ್‌ಮಸ್ಸಿಗೆ ಹೂವಾಗುತ್ತದೆ. ಪೂಜೆ ಮಾಡಿದ ಕತ್ತರಿಯ ಮೊದಲ ಏಟು ಮನೆಯ ದೊಡ್ಡ ಗಿಡಕ್ಕೆ ಬೀಳಬೇಕು ಎಂಬುದು ನಾನೇ ಮಾಡಿಕೊಂಡಿದ್ದ ಪದ್ಧತಿ. ಆ ಮನೆಯಲ್ಲಿ ಸ್ನೋಬಾಲ್‌ಗಿಂತ ದೊಡ್ಡದು ಯಾವುದಿತ್ತು? ವರ್ಷ ವರ್ಷವೂ ಭಕ್ತಿಯಿಂದಲೇ ಅದರ ತಲೆಯನ್ನು ಒಂದೇ ಮಟ್ಟಕ್ಕೆ ಕತ್ತರಿಸಿದೆ. ಸ್ನೋಬಾಲ್ ಮೊಗ್ಗು ಕಟ್ಟುವುದು ಹಳೆಯ ಕೊಂಬೆಯ ತುದಿಯಲ್ಲಿ, ಮಳೆಗಾಲ ಮುಗಿಯುವ ಹೊತ್ತಿಗೆ. ಅರಳುವುದು ಚಳಿ ಕಳೆದ ಮೇಲೆ. ನಾನು ಕತ್ತರಿಸಿ ಗುಡ್ಡೆ ಹಾಕುತ್ತಿದ್ದುದು ಮುಂದಿನ ಹೂವನ್ನೇ.

ನನಗೆ ಗೊತ್ತಿರಲಿಲ್ಲ ಎಂದು ಬರೆಯಬೇಕೆಂದಿದ್ದೆ. ಬರೆಯಲಾರೆ — ನೀವು ಹೇಳಿದ್ದಿರಿ. ಕಡಿದ ಕೊಂಬೆಗಳನ್ನು ಗುಡಿಸುತ್ತಾ ಒಂದನ್ನು ಎತ್ತಿ ನನ್ನ ಮುಖದ ಹತ್ತಿರ ಹಿಡಿದಿರಿ.

“ಅಣ್ಣಾರ, ಇಲ್ಲಿ ನೋಡ್ರಿ. ತುದಿಗೆ ಹೂಕೋಸಿನ ಮರಿ ಇದ್ದಂಗ ಐತಿ. ಇದು ಮೊಗ್ಗಲ್ಲೇನ್ರಿ?”

“ಜೋಳದ ಹೊಲ ಕಂಡೋಳಿಗೆ ಸ್ನೋಬಾಲ್ ಏನಮ್ಮ ಗೊತ್ತು? ಅದು ಚಿಗುರು. ಗುಡ್ಸೋದು ನೋಡು.”

“ಆತು ಬಿಡ್ರಿ, ಕಾಲೇಜ್ ಮಾಸ್ತರ ಅದೀರಿ ನೀವು,” ಎಂದು ನಕ್ಕು ಪೊರಕೆ ಎತ್ತಿಕೊಂಡಿರಿ. ನಾನು ಶಾಲೆ ಬಿಟ್ಟವನೆಂದು ನಿಮಗೆ ತಿಳಿದಿರಲಿಲ್ಲ, ತಮಾಷೆಗೆ ಅಂದದ್ದು. ನನಗೆ ಅದು ಚುಚ್ಚಿತು. ನೀವು ಹೋದ ಮೇಲೆ ಆ ಕೊಂಬೆಯನ್ನು ನೋಡಿದೆ. ಚಿಗುರಾಗಿರಲಿಲ್ಲ. ಆದರೂ ಗೊಬ್ಬರದ ಗುಂಡಿಗೆ ಎಸೆದೆ, ಮೇಲೆ ಮಣ್ಣೂ ಎಳೆದೆ — ಯಾರಿಗೆ ಕಾಣಬಾರದೆಂದೋ.

1996ರ ಮಾರ್ಚಿನಲ್ಲಿ ಟೀಚರಮ್ಮನ ತಾಳ್ಮೆ ಮುಗಿಯಿತು. ಚರ್ಚಿನ ಗೆಳತಿಯರಿಬ್ಬರು ವರಾಂಡದಲ್ಲಿ ಚಹಾ ಕುಡಿಯುತ್ತಿದ್ದರು. ಅವರ ಎದುರಿಗೇ ನನ್ನನ್ನು ಕರೆದರು.

“ಏನಪ್ಪಾ ಮುನಿರಾಜು, ಈ ವರ್ಷಾನೂ ಹೂವಿಲ್ವಾ? ನೀನು ನನ್ ಗಾರ್ಡನ್ ನೋಡ್ಕೋತಿದೀಯೋ, ಸಲೂನ್ ಇಟ್ಟಿದೀಯೋ? ಬರೀ ಕಟಿಂಗೇ ಕಟಿಂಗು!”

ಗೆಳತಿಯರು ನಕ್ಕರು. ಟೀಚರಮ್ಮನೂ ನಕ್ಕರು. ಸರಿಯಾದ ಜಾಗಕ್ಕೇ ಬಿದ್ದಿತ್ತು ಆ ಮಾತು. “ಹೌದಮ್ಮ, ನಂದೇ ತಪ್ಪು, ಈ ಸಲ ಕತ್ತರಿಸಲ್ಲ” — ಇಷ್ಟೇ ಸಾಕಾಗಿತ್ತು. ಬಾಯಿಗೆ ಬಂದದ್ದು ಬೇರೆ.

“ಕಟಿಂಗ್‌ನಿಂದ ಏನೂ ಇಲ್ಲಮ್ಮ. ಶರಣಮ್ಮ ದಿನಾ ಸೋಪಿನ ನೀರು ಬುಡಕ್ಕೆ ಬಿಡ್ತಾಳೆ. ಬೇಡಾ ಅಂದ್ರೂ ಕೇಳಲ್ಲ. ಬೇರು ಸುಟ್ಟೋಗಿದೆ.”

ಬೇಡ ಎಂದು ನಾನು ಒಂದು ದಿನವೂ ಅಂದಿರಲಿಲ್ಲ. ಟೀಚರಮ್ಮ ಎದ್ದು ಹೋಗಿ ಕಾಲುವೆ ನೋಡಿದರು. ನೊರೆ ಇನ್ನೂ ಆರಿರಲಿಲ್ಲ. ನಿಮ್ಮನ್ನು ಕರೆದರು. ನೀವು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು, ಅವರ ಮಾತನ್ನೆಲ್ಲ ಕೇಳಿ, ನನ್ನ ಕಡೆ ನೋಡಿದಿರಿ. ಕಾಲುವೆ ತೋಡಿದ್ದು ಇವನೇ ಎಂದು ನೀವು ಹೇಳಬಹುದಿತ್ತು. ನಾನೇ ಹೇಳುತ್ತೇನೆಂದು ಕಾದಿರೋ ಏನೋ. ನಾನು ಬಗ್ಗಿ ಕಳೆ ಕೀಳತೊಡಗಿದೆ.

ಆ ವಾರವೇ ಕೋಣೆ ಖಾಲಿಯಾಯಿತು. ನಿಮ್ಮ ಮಗಳ ನಾಲ್ಕನೇ ಕ್ಲಾಸಿನ ಪರೀಕ್ಷೆಗೆ ಇನ್ನು ಕೆಲವೇ ದಿನ ಇತ್ತು. ಅವಳು ಚೀಲ ಹೊತ್ತು ಗೇಟಿನ ಹತ್ತಿರ ನಿಂತಿದ್ದಳು. ನಾನು ಸೈಕಲ್ ತಳ್ಳಿಕೊಂಡು ಪಕ್ಕದಿಂದಲೇ ಹೋದೆ.

ಆ ವರ್ಷ ಆಯುಧಪೂಜೆಯ ಹೊತ್ತಿಗೆ ನನಗೆ ಕಾಮಾಲೆ ಬಂತು. ಎರಡು ತಿಂಗಳು ಮನೆಯಲ್ಲೇ ಮಲಗಿದೆ. ತೋಟಗಳಲ್ಲಿ ಕತ್ತರಿ ಆಡಲಿಲ್ಲ. ಫೆಬ್ರವರಿಯಲ್ಲಿ ಗಿಡದ ತುದಿ ತುದಿಯಲ್ಲಿ ಗಿಣಿಹಸಿರು ಗುಂಡುಗಳು ಕಾಣಿಸಿದವು, ದಿನಕ್ಕಿಷ್ಟು ದಪ್ಪಗಾದವು, ಬಿಳುಪಾದವು. ಹೂಕೋಸಿನ ಮರಿ — ನಿಮ್ಮ ಮಾತೇ ಕಿವಿಯಲ್ಲಿ. ಟೀಚರಮ್ಮ ಒಂದು ಹೂವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತುಬಿಟ್ಟರು. ಕಣ್ಣೊರೆಸಿಕೊಂಡು ಹೇಳಿದರು:

“ನೀನು ಹೇಳಿದ್ದೇ ಕರೆಕ್ಟ್ ಮುನಿರಾಜು. ಸೋಪ್ ನೀರು ನಿಂತಿದ್ದೇ ತಡ, ನೋಡು! ಪಾಪ, ನಿನ್ನನ್ನ ಎಷ್ಟು ಬೈದೆ.”

ನಾನು ಕೈಕಟ್ಟಿ ನಿಂತು ಆ ಮಾತನ್ನು ತೆಗೆದುಕೊಂಡೆ.

ಆಮೇಲೆ ಒಂದು ದಸರೆಗೂ ನಾನು ಆ ಗಿಡವನ್ನು ಮುಟ್ಟಲಿಲ್ಲ. ಹೂ ಉದುರಿದ ಮೇಲೆ, ಟೀಚರಮ್ಮ ಚರ್ಚಿಗೆ ಹೋದ ಹೊತ್ತು ನೋಡಿ, ಹಿತವಾಗಿ ಸವರುತ್ತಿದ್ದೆ. ಅವರ ಕಣ್ಣಿಗೆ ಬೀಳದ ಹಾಗೆ ಏಕೆ ಮಾಡುತ್ತಿದ್ದೆ ಎಂದು ನೀವು ಕೇಳಿದರೆ — ನನಗೆ ಪೂರ್ತಿ ಗೊತ್ತಿತ್ತು ಎಂದೇ ಅರ್ಥ. ಪ್ರತಿ ವರ್ಷ ಹೂ ಬಿಟ್ಟಾಗ ಟೀಚರಮ್ಮ ನೆಂಟರನ್ನು ಕರೆದು ತೋರಿಸಿ, ನನ್ನನ್ನು ಹೊಗಳಿ, ಕೊನೆಗೆ ನಿಮ್ಮ ಕಥೆಯನ್ನೂ ಹೇಳುತ್ತಿದ್ದರು: ಹೀಗೊಬ್ಬಳು ಇದ್ದಳು, ಗಿಡವನ್ನೇ ಕೊಲ್ಲುತ್ತಿದ್ದಳು. ಏಳು ಸಲ ಆ ಕಥೆ ಕೇಳಿದ್ದೇನೆ. ಎಂಟನೆಯ ವರ್ಷ ಟೀಚರಮ್ಮ ಹೋಗಿಬಿಟ್ಟರು. ಈಗ ಆ ಜಾಗದಲ್ಲಿ ಫ್ಲಾಟುಗಳಿವೆ. ಅವರಿಗೆ ಹೇಳಲು ನನಗೆ ದಿನಗಳು ಬೇಕಾದಷ್ಟಿದ್ದವು. ಆ ದಿನಗಳನ್ನು ಸುಮ್ಮನೆ ಕಳೆದೆ.

ಹೋದ ತಿಂಗಳು ಮಾರತ್ತಹಳ್ಳಿಯ ಬಸ್ ಸ್ಟಾಪಿನಲ್ಲಿ ನೀವೇ ನನ್ನನ್ನು ಗುರುತಿಸಿದಿರಿ. ತಲೆ ಬೆಳ್ಳಗಾಗಿತ್ತು. ಕೈಯಲ್ಲಿ ಸಿಮೆಂಟಿನ ಬಿರುಕು.

“ಅಣ್ಣಾರ! ಏನ್ರಿ, ಹೊಟ್ಟಿ ಬಂದೈತಿ! ಮನ್ಯಾಗ ಎಲ್ಲಾರೂ ಆರಾಮ?”

ಮಗಳ ಬಗ್ಗೆ ಕೇಳಿದೆ. “ಸಾಲಿ ಅವತ್ತೇ ಬಿಡ್ತಲ್ರಿ. ಲಗ್ನ ಮಾಡಿ ಕೊಟ್ಟೀನಿ. ಆಕಿನೂ ಗಾರಿ ಕೆಲಸಕ್ಕ ಹೊಕ್ಕಾಳ.” ಆಮೇಲೆ ದನಿ ತಗ್ಗಿಸಿ ಕೇಳಿದಿರಿ: “ಅಣ್ಣಾರ, ಆ ಗಿಡ ಉಳೀತೇನ್ರಿ? ನನ್ನ ಸಬಕಾರದ ನೀರಿಗಿ ಸತ್ತೇ ಹೋತೇನೋ ಅಂತ ಭಾಳ ಸಲ ಅಂದ್ಕಂಡೀನಿ. ಟೀಚರಮ್ಮ ಅದನ್ನ ಮಗಳಂಗ ನೋಡತಿದ್ರು. ನನಗ ತಿಳೀಲಿಲ್ರಿ.”

ಹನ್ನೆರಡು ವರ್ಷ ನೀವು ನನ್ನ ತಪ್ಪನ್ನು ನಿಮ್ಮದೆಂದು ಹೊತ್ತಿದ್ದಿರಿ. “ಉಳೀತು,” ಅಂದೆ. ಅಷ್ಟೇ ಅಂದೆ. ಅಷ್ಟರಲ್ಲಿ ಬಸ್ಸು ಬಂತು ಎಂದರೆ ಸುಳ್ಳಾಗುತ್ತದೆ. ಬಸ್ಸು ಬಂದದ್ದು ಎಷ್ಟೋ ಹೊತ್ತಿನ ಮೇಲೆ.

ನಿಮಗೆ ಓದಲು ಬರುವುದಿಲ್ಲ. ಬೇರೆಯವರಿಂದ ಓದಿಸಿಕೊಳ್ಳಿ ಎಂದು ಕಳಿಸಿ ನಾನು ಮನೆಯಲ್ಲಿ ಕೂರುವುದಿಲ್ಲ. ನೀವಿರುವುದಾಗಿ ಅವತ್ತು ಬಸ್ ಸ್ಟಾಪಿನಲ್ಲಿ ಹೇಳಿದ ಶೆಡ್ಡಿಗೆ ಈ ಭಾನುವಾರ ಬಂದು, ನಿಮ್ಮ ಮಗಳನ್ನೂ ಕೂರಿಸಿಕೊಂಡು, ನಾನೇ ಓದುತ್ತೇನೆ. ಅಕ್ಕಪಕ್ಕದ ಶೆಡ್ಡಿನವರು ಕೇಳಿಸಿಕೊಂಡರೂ ದನಿ ತಗ್ಗಿಸುವುದಿಲ್ಲ. ನೀವು ಬೈದರೆ ನಿಂತು ಕೇಳುತ್ತೇನೆ, ಹೋಗು ಅಂದರೆ ಹೋಗುತ್ತೇನೆ.

ನನಗೀಗ ಎರಡು ಕೋಣೆಯ ಸ್ವಂತ ಮನೆ ಇದೆ. ಹೆಂಡತಿ, ಇಬ್ಬರು ಗಂಡುಮಕ್ಕಳು. ಒಂದು ಹಳೆಯ ಮೊಪೆಡ್. ಕೆಲಸಕ್ಕೆ ಕರೆಯುವ ಒಂಬತ್ತು ಮನೆಗಳು. ನಿಮಗೆ ಹಿಂದಕ್ಕೆ ಕೊಡಬಹುದಾದದ್ದು ಇವುಗಳಲ್ಲಿ ಒಂದೂ ಇಲ್ಲ.