ಹಿಂದಿನ ಕೋಣೆಯ ಒಣಮೀನು

ತಮ್ಮ ಹೈದರಾಬಾದಿಗೆ ಹೋದ ಮೇಲೆ ತಾಂಡೂರಿನ ನಮ್ಮ ಮನೆಯ ಹಿಂದಿನ ಕೋಣೆ ಖಾಲಿ ಬಿದ್ದಿತ್ತು. ಊರಿನ ಕಲ್ಲು ಪಾಲಿಶ್ ಕಾರ್ಖಾನೆಗಳಿಗೆ ಒಡಿಶಾ, ಬಿಹಾರದಿಂದ ಜನ ಬರುತ್ತಲೇ ಇದ್ದರು. ನಮ್ಮ ಹುಡುಗರು ಬಿಟ್ಟುಹೋದ ಕೋಣೆಗಳಲ್ಲಿ ಅವರು ಇಳಿದುಕೊಳ್ಳುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ಇದನ್ನೆಲ್ಲ ವಲಸೆ ಎಂದು ಓದಿದ್ದೆ. ನಮ್ಮ ಮನೆಗೆ ಬಂದದ್ದು ಒಡಿಶಾದ ಒಬ್ಬ ಕೆಲಸಗಾರ, ಅವನ ಬಸುರಿ ಹೆಂಡತಿ.

ಅವ್ವ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ಅವಳು ಹಾಕಿದ ಷರತ್ತು ಒಂದೇ: ಮನೆಯಲ್ಲಿ ಮಾಂಸ, ಮೀನು ಬೇಯಬಾರದು. ಇಬ್ಬರೂ ಒಪ್ಪಿದರು.

ಹೆರಿಗೆಯಾಯಿತು. ಬಾಣಂತಿಯ ಹಾಲು ಕೂಸಿಗೆ ಸಾಲುತ್ತಿರಲಿಲ್ಲ. ಅವ್ವ ಅಳವಿ ಬೀಜದ ಪಾಯಸ, ಸಬ್ಬಸಗಿ ಪಲ್ಯ ಮಾಡಿ ಕೊಟ್ಟರೂ ಆಕೆಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಣಮೀನಿನ ಸಾರು ಉಂಡರೆ ಹಾಲು ಬರುತ್ತದೆ ಎಂದು ಊರಿನಿಂದ ಅವಳ ತಾಯಿ ಫೋನಿನಲ್ಲಿ ಹೇಳುತ್ತಲೇ ಇದ್ದಳು. ಆದರೆ ಅವ್ವನಿಗೆ ಮಾತು ಕೊಟ್ಟಾಗಿತ್ತು. ಒಂದು ಬೆಳಿಗ್ಗೆ ಗಂಡ ಬಂದು, ಮೀನು ಬೇಯಿಸಬೇಕು, ಕೋಣೆ ಬಿಟ್ಟು ಕಾರ್ಖಾನೆಯ ಶೆಡ್ಡಿಗೆ ಹೋಗುತ್ತೇವೆ ಎಂದ. ಅಲ್ಲಿ ಹಗಲೆಲ್ಲ ಕಲ್ಲಿನ ಪುಡಿ ಹಾರುತ್ತದೆ. ಕೂಸಿಗೆ ಇನ್ನೂ ತಿಂಗಳು ತುಂಬಿರಲಿಲ್ಲ.

"ಹಸಿ ಬಾಣಂತಿನ್ನ ಆ ಧೂಳದಾಗ ಒಯ್ತಿಯೇನೋ ಶ್ಯಾಣ್ಯಾ?" ಎಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿ, "ನಾ ಪೂಜಿ ಲಗೂ ಮುಗಿಸ್ಕೋತೀನಿ. ಅದಾದಮ್ಯಾಲ ಆಕಿ ಏನ್ ಬೇಕಾದ್ದು ಕುದಿಸ್ಕೊಳ್ಳಲಿ. ಹೇಳು ಇವಂಗ" ಎಂದಳು. ನಾನು ಹಿಂದಿಯಲ್ಲಿ ಹೇಳಿದೆ.

ಇದು ನನ್ನ ನೆನಪು. ಮೀನಿಗೆ ಮೊದಲು ಒಪ್ಪಿದ್ದು ತಾನೇ ಎನ್ನುತ್ತಾರೆ ಅಪ್ಪ. ಸಾರು ಕುದಿಯುವಾಗ ಅವರು ಮೂಗಿಗೆ ಟವೆಲ್ ಹಿಡಿದು ಕೂತದ್ದೂ ನನಗೆ ನೆನಪಿದೆ. ಅದು ನಡೆದದ್ದೋ, ನಾನೇ ಕಟ್ಟಿಕೊಂಡದ್ದೋ!

ಅಜ್ಜ ತೊಗರಿ ವ್ಯಾಪಾರಕ್ಕೆಂದು ಬೊಮ್ರಾಸಪೇಟ್ ಕಡೆಯಿಂದ ಈ ಊರಿಗೆ ಬಂದಾಗ ಅವರಿಗೂ ಯಾರೋ ಕೋಣೆ ಕೊಟ್ಟಿರಬೇಕು. ಅದು ಯಾರೆಂದು ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಆ ಕೋಣೆ ಕೊಟ್ಟವರಿಗೆ ನಾವು ಉಳಿಸಿಕೊಂಡಿದ್ದ ಋಣವನ್ನು ಅವ್ವ ತೀರಿಸಿದಳು ಎಂದುಕೊಳ್ಳುತ್ತೇನೆ. ಅವ್ವನಿಗೆ ಮಾತ್ರ ಅಂಥದ್ದೇನೂ ಹೊಳೆದಿರಲಿಕ್ಕಿಲ್ಲ. ಅವಳ ಕಣ್ಣಿಗೆ ಕಂಡದ್ದು ಕೂಸು.

ಪಕ್ಕದ ಮನೆಯಾಕೆ ಬಂದು ಕೆಣಕಿದಳು: "ಏನ್ರಿ ಅಕ್ಕಾ, ಜಂಗಮ್ರು ಬರೋ ಮನ್ಯಾಗ ಮೀನದ ವಾಸ್ನಿ?"

"ನಿಮ್ ಮೂಗು ಭಾಳ ಚುರುಕ್ ಅದ ಬಿಡ್ರಿ. ಕೂಸು ಹಸದು ಅಳುವಾಗ ಕಿವಿ ಎಲ್ಲಿ ಹೋಗಿದ್ವು?"

ಈಗ ಕೂಸು ಹೊಟ್ಟೆ ತುಂಬ ಕುಡಿದು ಮಲಗುತ್ತದೆ. ಅದು ಮೀನಿನಿಂದಲೋ, ಮನೆ ಬಿಡಬೇಕಿಲ್ಲ ಎಂಬ ನೆಮ್ಮದಿಯಿಂದಲೋ ನಾನರಿಯೆ. ಅವ್ವ ನಸುಕಿನಲ್ಲೇ ಪೂಜೆ ಮುಗಿಸಿ, ವಿಭೂತಿ ಹಣೆಯಲ್ಲಿ ಆರುವ ಮೊದಲೇ ಹಿಂದಿನ ಬಾಗಿಲು ಬಡಿಯುತ್ತಾಳೆ.

"ನಂದು ಆತವ್ವಾ. ಗ್ಯಾಸ್ ಹಚ್ಚು."