ಇಂಜಿನ್ ಒಳಗೆ ಐಸ್ ಕಟ್ಟಿದ ದಿನ

ಎರಡು ವರ್ಷದ ಹಿಂದಿನ ವಿಜಯದಶಮಿ. ಹಿಂದಿನ ದಿನವಷ್ಟೇ ನಮ್ಮ ಗ್ಯಾರೇಜಿನಲ್ಲಿ ಆಯುಧಪೂಜೆ ಮುಗಿದಿತ್ತು. ನನ್ನದು ಆರ್‌ಪಿಸಿ ಲೇಔಟಿನಲ್ಲಿ ಸ್ಕೂಟರ್, ಬೈಕ್ ರಿಪೇರಿ ಮಾಡುವ ಸಣ್ಣ ಅಂಗಡಿ. ಮೂವತ್ತು ವರ್ಷದಿಂದ ಅದೇ ಕೆಲಸ. ಗಾಡಿ ತಿರುವಿನಲ್ಲಿ ಬರುವಾಗಲೇ, ಅದಕ್ಕೆ ಏನು ಕಾಯಿಲೆ ಅಂತ ಶಬ್ದ ಕೇಳಿ ಹೇಳುತ್ತೇನೆ ಎಂಬ ಜಂಬ ನನಗೆ. ಆ ಜಂಬ ಇಳಿದದ್ದು ನೆಲದ ಮೇಲಲ್ಲ, ಆಕಾಶದಲ್ಲಿ!

ನಮ್ಮಣ್ಣನ ಮಗಳು ವಸುಧಾಗೆ ಚಿಕ್ಕಂದಿನಿಂದ ವಿಮಾನದ ಹುಚ್ಚು. ಹಠ ಹಿಡಿದು ಕಲಿತು, ಸಣ್ಣ ವಿಮಾನ ಹಾರಿಸುವ ಲೈಸೆನ್ಸ್ ತೆಗೆದುಕೊಂಡಿದ್ದಳು. ಮುಂದಿನ ತರಬೇತಿಗೆ ಸೇರಿ ಇದನ್ನೇ ಕೆಲಸ ಮಾಡಿಕೊಳ್ಳುತ್ತೇನೆ ಅಂತ ಅವಳು, ಬೇಡವೇ ಬೇಡ ಅಂತ ಅಣ್ಣ. ಮಲ್ಲತ್ತಹಳ್ಳಿಯ ಅವರ ಮನೆಯಲ್ಲಿ ಒಂದು ತಿಂಗಳಿಂದ ಅಪ್ಪ ಮಗಳಿಗೆ ಮಾತಿರಲಿಲ್ಲ. ಕೊನೆಗೆ ಅಣ್ಣ ನನ್ನನ್ನು ಕರೆದು, "ನೀನು ಇಂಜಿನ್ ಗೊತ್ತಿರೋನು. ಅವಳ ಜೊತೆ ಒಂದ್ಸಲ ಹೋಗ್ಬಾ. ಸರಿ ಅಂದ್ರೆ ಸರಿ, ಬೇಡ ಅಂದ್ರೆ ಅಲ್ಲಿಗೆ ಮುಗೀತು" ಅಂದ. ಆ ಹುಡುಗಿಯ ಹಣೆಬರಹ ನನ್ನ ಕೈಗೆ ಬಂತು.

ಬೆಳಗ್ಗೆ ಊರಾಚೆಯ ಪುಟ್ಟ ಏರ್‌ಫೀಲ್ಡ್‌ಗೆ ಹೋದೆವು. ರಾತ್ರಿಯೆಲ್ಲಾ ಮಳೆ ಸುರಿದು ನಿಂತಿತ್ತು. ಒದ್ದೆ ಗಾಳಿ, ಎಳೆ ಬಿಸಿಲು. ಇಬ್ಬರೇ ಕೂರುವ ವಿಮಾನ, ಅದರ ಮೂಗಿನ ಮೇಲೂ ಅರಿಶಿನ ಕುಂಕುಮ! ಒಳಗೆ ಕೂತ ಮೇಲೆ ವಸುಧಾ, "ಚಿಕ್ಕಪ್ಪ, ಏನನ್ನೂ ಮುಟ್ಬೇಡಿ, ಆಯ್ತಾ?" ಅಂದಳು. "ನಂಗೇ ಹೇಳ್ತೀಯೇನೇ!" ಅಂತ ನಕ್ಕೆ.

ಮೇಲೆದ್ದಾಗ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಮೇಲೆ ಕೆಳಗೆ ರಾಗಿ ಹೊಲ, ತುಂಬಿದ ಕೆರೆ, ನೀಲಗಿರಿ ತೋಪು ಎಲ್ಲಾ ಕಂಡು ಚಿಕ್ಕ ಮಗುವಿನ ಹಾಗೆ ಕೂಗಿದ್ದೇ ಕೂಗಿದ್ದು. ಅರ್ಧ ಗಂಟೆ ಸುತ್ತಿಸಿ, "ಇಳಿಯೋಣ್ವಾ?" ಅಂತ ಅವಳು ವೇಗ ಕಡಿಮೆ ಮಾಡಿದಳು.

ಸ್ವಲ್ಪ ಹೊತ್ತಿಗೆ ನನ್ನ ಕಿವಿ ನೆಟ್ಟಗಾಯಿತು. ಇಂಜಿನ್ ಶಬ್ದ ಸಣ್ಣಗಾಗುತ್ತಾ, ನಡುನಡುವೆ ಮುಗ್ಗರಿಸುತ್ತಿತ್ತು. ವಸುಧಾ ಆಗಲೇ ಮುಂದಿದ್ದ ಗುಂಡಿಯೊಂದನ್ನು ಹೊರಕ್ಕೆ ಎಳೆದಳು. ಎಳೆದಿದ್ದೇ ತಡ, ಇಂಜಿನ್ ಇನ್ನೂ ಕೆಟ್ಟಿತು! ಕೆಮ್ಮಿತು, ನಡುಗಿತು, ಇಡೀ ವಿಮಾನ ಅಲುಗಾಡಿತು. ಎದುರಿಗೆ ಮೂಗಿನಲ್ಲಿ ತಿರುಗುವ ಫ್ಯಾನು ನಿಂತೇಹೋಗುತ್ತದೆ ಅನ್ನಿಸಿತು.

ಹುಡುಗಿ ಗಾಬರಿಯಲ್ಲಿ ತಪ್ಪು ಗುಂಡಿ ಎಳೆದಳು ಅಂದುಕೊಂಡೆ. ನಮ್ಮ ಕೆಲಸದಲ್ಲಿ ರೂಢಿಯೇ ಹಾಗೆ. ಒಂದು ಸ್ಕ್ರೂ ತಿರುಗಿಸಿದಾಗ ಇಂಜಿನ್ ಕೆಟ್ಟರೆ, ತಕ್ಷಣ ವಾಪಸ್ ತಿರುಗಿಸುತ್ತೇವೆ. ಯೋಚನೆ ಮಾಡುವ ಮೊದಲೇ ನನ್ನ ಕೈ ಮುಂದೆ ಹೋಗಿ ಆ ಗುಂಡಿಯನ್ನು ಒಳಕ್ಕೆ ತಳ್ಳಿಬಿಟ್ಟಿತು.

ಫಟ್ ಅಂತ ಕೈ ಮೇಲೆ ಏಟು ಬಿತ್ತು.

"ಕೈ ತೆಗೀರಿ! ಸುಮ್ನೆ ಕೂತ್ಕೊಳ್ಳಿ!" ಅಂತ ವಸುಧಾ ಕಿರುಚಿದಳು. ನಾನು ಎತ್ತಿ ಆಡಿಸಿದ ಹುಡುಗಿ! ಗುಂಡಿಯನ್ನು ಮತ್ತೆ ಪೂರ್ತಿ ಎಳೆದು ಹಿಡಿದಳು. ಇಂಜಿನ್ ಮತ್ತೆ ಕೆಮ್ಮಿತು. "ಐಸ್ ಕರಗ್ತಿದೆ. ಕಾಯ್ಬೇಕು" ಅಂದಳು. ಐಸಂತೆ! ಬೆವರಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಕೆಳಗಿನ ನೀಲಗಿರಿ ತೋಪು ದೊಡ್ಡದಾಗುತ್ತಾ ಬಂತು. ಮನೆದೇವರನ್ನು ನೆನೆದೆ. ಹೆಂಡತಿಗೆ ಹೇಳದೆ ಬಂದದ್ದೂ ನೆನಪಾಯಿತು.

ಎಷ್ಟು ಹೊತ್ತೋ, ಅರ್ಧ ನಿಮಿಷವೂ ಇರಲಿಕ್ಕಿಲ್ಲ. ಇಂಜಿನ್ ಒಂದು ಸಲ ಜೋರಾಗಿ ಸೀನಿದಂತೆ ಮಾಡಿ, ಗುರ್ ಅಂತ ತುಂಬು ದನಿಯಲ್ಲಿ ಓಡತೊಡಗಿತು. ನನ್ನ ಜೀವಮಾನದಲ್ಲಿ ಅಷ್ಟು ಚಂದದ ಶಬ್ದ ಕೇಳಿಲ್ಲ!

ಇಳಿದ ಮೇಲೆ ಬಿಡಿಸಿ ಹೇಳಿದಳು. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರಿನಲ್ಲಿ ಅದು ಆವಿಯಾಗುವಾಗ ಒಳಗೆ ವಿಪರೀತ ತಣ್ಣಗಾಗುತ್ತದೆ, ಇಂಜೆಕ್ಷನ್‌ಗೆ ಮುಂಚೆ ಸ್ಪಿರಿಟ್ ಒರೆಸಿದರೆ ತಣ್ಣಗಾಗುವ ಹಾಗೆ. ಗಾಳಿಯಲ್ಲಿ ತೇವ ಇದ್ದರೆ ಅದು ಒಳಗೇ ಐಸ್ ಆಗಿ ಇಂಜಿನ್ನಿನ ಉಸಿರು ಕಟ್ಟಿಸುತ್ತದೆ, ಹೊರಗೆ ಬಿಸಿಲಿದ್ದರೂ. ಆ ಗುಂಡಿ ಎಳೆದರೆ ಬಿಸಿಗಾಳಿ ಒಳಗೆ ಹೋಗುತ್ತದೆ. ಕರಗಿದ ನೀರು ಇಂಜಿನ್ನಿಗೆ ಇಳಿದು ಮೊದಲು ಕೆಮ್ಮು ಜಾಸ್ತಿ, ಆಮೇಲೆ ಸರಿ. "ಕೆಮ್ಮಿತು ಅಂತ ಹೆದರಿ ಬಿಸಿಗಾಳಿ ನಿಲ್ಲಿಸಿಬಿಟ್ಟು ಬಿದ್ದೋರೂ ಇದಾರೆ ಚಿಕ್ಕಪ್ಪ" ಅಂದಳು. ಸಾವಿರಾರು ಕಾರ್ಬೊರೇಟರ್ ಬಿಚ್ಚಿದವನು ನಾನು. ಇದು ಗೊತ್ತೇ ಇರಲಿಲ್ಲ!

ಕ್ಯಾಂಟೀನಿನಲ್ಲಿ ಟೀ ಕುಡಿಯುವಾಗ ಅವಳು, "ಅಪ್ಪಂಗೆ ಏನ್ ಹೇಳ್ತೀರಾ?" ಅಂತ ತಲೆ ತಗ್ಗಿಸಿಯೇ ಕೇಳಿದಳು. ದಾರಿಯುದ್ದಕ್ಕೂ ನಾನು ಅದನ್ನೇ ಯೋಚಿಸಿದೆ. ಏನೂ ಆಗಲಿಲ್ಲ ಅಂದುಬಿಟ್ಟರೆ ಎಲ್ಲಾ ಸುಲಭ. ನನ್ನ ಮರ್ಯಾದೆಯೂ ಉಳಿಯುತ್ತಿತ್ತು.

ಆದರೆ ಅಣ್ಣನ ಎದುರು ಕೂತಾಗ ಸುಳ್ಳು ಬರಲಿಲ್ಲ. ನಡೆದದ್ದನ್ನೆಲ್ಲಾ ಹೇಳಿ, "ಅಣ್ಣಾ, ನನ್ನ ಕಿವಿ ನಂಬಿದ್ರೆ ಇವತ್ತು ಇಬ್ರೂ ಇರ್ತಿರ್ಲಿಲ್ಲ. ಇವಳು ಕಲಿತಿದ್ದನ್ನ ನಂಬಿ ಕಾದಳು, ಅದಕ್ಕೆ ಬದುಕಿದ್ದೀವಿ. ಅವಳನ್ನ ತಡೀಬೇಡ" ಅಂದೆ. ಇವತ್ತಿಗೂ ಯಾವುದಾದರೂ ಇಂಜಿನ್ ಕೆಮ್ಮಿದರೆ ನನ್ನ ಕೈ ತಾನಾಗಿಯೇ ಹಿಂದಕ್ಕೆ ಬರುತ್ತದೆ.

ಆ ದಿನ ನನ್ನ ಮಾತು ಮುಗಿದ ಮೇಲೆ ಅಣ್ಣ ಎದ್ದು ನಿಂತ. ಬಾಗಿಲ ಹತ್ತಿರ ನಿಂತಿದ್ದ ಮಗಳ ಕಡೆ ತಿರುಗಿ, ಒಂದು ತಿಂಗಳ ಮೇಲೆ ಮೊದಲ ಸಲ ಮಾತಾಡಿದ.

"ಮುಂದಿನ ಸಲ ನಾನೂ ಬರ್ತೀನಿ ಕಣಮ್ಮಾ. ಕೈ ಕಟ್ಕೊಂಡು ಕೂತಿರ್ತೀನಿ."