ಪಟೇಲರ ಬಚ್ಚಲಲ್ಲಿ ನನ್ನ ಬ್ರಷ್ಷು

ಸ್ನಾನಕ್ಕೆ ಮೊದಲು ಒಣ ಮೈಯನ್ನು ಬ್ರಷ್ಷಿನಿಂದ ಉಜ್ಜಿಕೊಳ್ಳುವುದು ನನ್ನ ಹಳೆಯ ಚಟ. ಚರ್ಮ ನುಣುಪಾಗುತ್ತದೆಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿರುತ್ತೇನೆ. ಅರವತ್ತರ ದಶಕದಲ್ಲಿ ಸರ್ವೆ ಕೆಲಸಕ್ಕೆ ಹೋಗಿ ಹೊಸನಗರದ ಕಡೆಯ ಪಟೇಲರೊಬ್ಬರ ಮನೆಯಲ್ಲಿ ಉಳಿದಿದ್ದೆ. ಸಂಜೆ ಬಚ್ಚಲಲ್ಲಿ ಹೀಗೇ ಉಜ್ಜಿಕೊಳ್ಳುತ್ತಿದ್ದಾಗ ಪಟೇಲರು ಇಣುಕಿದರು.

"ಎಂಥ ಮಾರಾಯ್ರೇ, ಕಜ್ಜಿಯಾ?"

"ಅಲ್ಲ ಪಟೇಲರೇ, ಆರೋಗ್ಯಕ್ಕೆ."

"ಎಣ್ಣೆ ಇಲ್ಲ, ನೀರಿಲ್ಲ, ಅದೆಂಥ ಆರೋಗ್ಯ? ಮಕ್ಕಳುಮರಿ ಇರೋ ಮನೆ ಇದು. ಇದ್ದದ್ದು ಹೇಳಿಬಿಡಿ."

ಕಾಲೇಜಿನಲ್ಲಿ ಓದಿದ್ದನ್ನೆಲ್ಲ ನೆನೆದು ರಕ್ತಸಂಚಾರದ ಬಗ್ಗೆ ಭಾಷಣ ಮಾಡಿದೆ. ಅವರ ಸಂಶಯ ಇನ್ನಷ್ಟು ಬಲವಾಯಿತು. ನನ್ನ ಊಟದ ಎಲೆ ಜಗಲಿಗೆ ಬಂತು, ಹಿಂದೆಯೇ ಹಾಸಿಗೆಯೂ. ಕೊರೆಯುವ ಚಳಿ, ಬೆಳಗಿನ ತನಕ ಬಸ್ಸಿಲ್ಲ.

ಬೆಳಿಗ್ಗೆ ಬಚ್ಚಲ ಹೊರಗೆ ನಿಂತು ಮತ್ತೆ ಬ್ರಷ್ಷು ಹಿಡಿದೆ. ಪಟೇಲರು ದೂರದಲ್ಲೇ ನಿಂತು ನನ್ನ ಮೈಯೆಲ್ಲ ಪರೀಕ್ಷಿಸಿದರು. ಒಂದು ಗುಳ್ಳೆಯೂ ಸಿಗಲಿಲ್ಲ. ಅತ್ತಿತ್ತ ನೋಡಿ, ಅಂಗಿ ಕಳಚಿ, ನನಗೆ ಬೆನ್ನು ಕೊಟ್ಟು ಕೂತರು.

"ಕೈ ಎಟುಕದ ಜಾಗ ನೋಡಿ... ಸ್ವಲ್ಪ ಮೇಲೆ... ಹಾಂ, ಅಲ್ಲೇ!"

ಆಮೇಲೆ ಎದ್ದು, "ಹೊರಗ್ಯಾಕೆ ನಿಂತ್ರಿ? ಕಾಫಿಗೆ ಒಳಗೆ ಬನ್ನಿ" ಎಂದರು.

ಸಂತೋಷವಾಗಿ ಹೋದೆ. ಹೋಗುವ ಮೊದಲು ಬ್ರಷ್ಷನ್ನು ಮಾತ್ರ ಹಂಡೆಯ ಕುದಿನೀರು ಹಾಕಿ ಚೆನ್ನಾಗಿ ತೊಳೆದೆ. ಅಷ್ಟೊಂದು ಸುಖಪಡುವ ಬೆನ್ನಿನ ಮೇಲೆ ನನಗೂ ಸಂಶಯ ಬರಬಾರದೇ?